ಧಾರವಾಡದ ಬಸ್ಸು

ನಮ್ಮ ಕಡೆ ಯಾರಾದರೂ ಒಂದಿಷ್ಟು ವಿಚಿತ್ರವಾಗಿ ನಡೆದುಕೊಂಡರೆ "ಇವನ್ನ ಧಾರವಾಡದ ಬಸ್ ಹತ್ತಿಸ್ರಪಾ" ಅನ್ನುತ್ತಾರೆ. ಹೊರಗಿನವರಿಗೆ ಧಾರವಾಡ ಎಂದರೆ ಬೇಂದ್ರೆ, ಪೇಡೆ, ಸಂಗೀತ. ನಮಗೆ ಅವೆಲ್ಲದರ ಜೊತೆಗೆ ಇನ್ನೊಂದು ಅರ್ಥವೂ ಇದೆ. 1845ರಲ್ಲಿ ಅಲ್ಲೊಂದು ಹುಚ್ಚರ ಆಸ್ಪತ್ರೆ ಶುರುವಾಯಿತು. ಇಂದು ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಎಲ್ಲರೂ ಡಿಮ್ಹಾನ್ಸ್ ಅನ್ನುತ್ತಾರೆ. ಆಸ್ಪತ್ರೆಯ ಹೆಸರು ಬದಲಾಯಿತು, ನಮ್ಮ ಬೈಗುಳ ಬದಲಾಗಲಿಲ್ಲ.

ಹಿಟ್ನಾಳ ಹೆದ್ದಾರಿಯ ಮೇಲಿನ ಊರು. ಹೊಸಪೇಟೆ ಕಡೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿಗೆ ಹೋಗುವ ಬಸ್ಸುಗಳು ನಮ್ಮ ಕಣ್ಣ ಮುಂದೆಯೇ ಹಾಯುತ್ತವೆ. ಧಾರವಾಡ ಎಂದು ಬೋರ್ಡಿದ್ದ ಬಸ್ಸು ಬಂದರೆ ಶಾಲೆ ಬಿಟ್ಟು ಬರುತ್ತಿದ್ದ ಹುಡುಗರು ಒಬ್ಬರನ್ನೊಬ್ಬರು ಅದರ ಕಡೆ ತಳ್ಳಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆದರೆ ಮನೆಯೊಳಗೆ ಆ ಮಾತು ಆಡುವಂತಿರಲಿಲ್ಲ. ನಮ್ಮ ಮನೆಯಿಂದ ಒಬ್ಬರು ನಿಜಕ್ಕೂ ಆ ಬಸ್ಸು ಹತ್ತಿ ಹೋಗಿ ಬಂದಿದ್ದರು.

ಅದು ನನ್ನ ಕಾಕಾ, ಅಪ್ಪನ ತಮ್ಮ. ಅವನ ಕತೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ನನ್ನದು.

ನಾನು ಕೊಪ್ಪಳ ಸೀಮೆಯ ತತ್ವಪದಕಾರರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮೊದಲೆರಡು ವರ್ಷ ಊರೂರು ತಿರುಗಿ, ಭಜನೆ ಮಾಡುವವರ ಜೊತೆ ರಾತ್ರಿಗಳನ್ನು ಕಳೆದು, ನಲವತ್ತು ಗಂಟೆಗೂ ಮಿಕ್ಕಿ ಪದಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೆ. ಅದನ್ನು ಕೇಳಿ ಕೇಳಿ ಬರೆದುಕೊಳ್ಳುವುದೇ ಮುಂದಿನ ಕೆಲಸ. ಮೊದಮೊದಲು ದಿನಕ್ಕೆ ಮೂರು ಪದ ಬರೆದಿಳಿಸುತ್ತಿದ್ದೆ. ಆಮೇಲೆ ಒಂದಾಯಿತು. ಆಮೇಲೆ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಸುಮ್ಮನೆ ಕೂರುವುದಾಯಿತು. ಕಳೆದ ಮಳೆಗಾಲದ ಹೊತ್ತಿಗೆ ಆ ಫೋಲ್ಡರನ್ನು ತೆರೆಯಲೂ ಆಗುತ್ತಿರಲಿಲ್ಲ. ಅದರ ಹೆಸರು ಪರದೆಯ ಮೇಲೆ ಕಂಡರೆ ಹೊಟ್ಟೆಯಲ್ಲಿ ಏನೋ ಹಿಂಡಿದಂತೆ ಆಗುತ್ತಿತ್ತು.

ಮಾರ್ಗದರ್ಶಕರು ವಾಟ್ಸಾಪಿನಲ್ಲಿ "ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು. ಆ ಸಂದೇಶ ತೆರೆಯದೆ, ಮೇಲೆ ಇಣುಕುವ ಒಂದು ಸಾಲಿನಲ್ಲೇ ಓದಿಕೊಳ್ಳುತ್ತಿದ್ದೆ. ತೆರೆದರೆ ನೀಲಿ ಗೆರೆ ಬರುತ್ತದೆ, ನೀಲಿ ಗೆರೆ ಬಂದರೆ ಉತ್ತರ ಕೊಡಬೇಕು. ಹೀಗೆ ಹದಿಮೂರು ಸಂದೇಶ ಸೇರಿದವು. ಹಾಸ್ಟೆಲಿನಲ್ಲಿ ಇರಲಾರದೆ ಊರಿಗೆ ಬಂದೆ. "ಮನೆಯಲ್ಲಿ ಕೂತು ಬರೀತೀನಿ" ಅಂದೆ.

ಮನೆಯಲ್ಲಿ ರಾತ್ರಿ ಮೂರರವರೆಗೆ ನಿದ್ದೆ ಬರುತ್ತಿರಲಿಲ್ಲ. ಎದುರಿಗೆ ಪುಸ್ತಕ ಹರವಿಕೊಂಡು, ದೀಪ ಹಚ್ಚಿಕೊಂಡು, ಮೊಬೈಲ್ ನೋಡುತ್ತ ಕೂತಿರುತ್ತಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಏಳುತ್ತಿದ್ದೆ. ಅವ್ವ ಓಣಿಯವರ ಮುಂದೆ "ರಾತ್ರಿಯೆಲ್ಲಾ ಓದ್ತಾಳ್ರಿ, ಎರಡಕ್ಕ ಎದ್ರೂ ಆಕಿ ಕೋಣ್ಯಾಗ ದೀಪ ಇರತೈತಿ" ಎಂದು ಹೇಳುವುದು ಹಾಸಿಗೆಯಲ್ಲಿ ಮಲಗಿದ್ದ ನನಗೆ ಕೇಳುತ್ತಿತ್ತು. ಅದನ್ನು ಕೇಳಿದ ದಿನ ಏಳುವುದು ಇನ್ನೂ ತಡವಾಗುತ್ತಿತ್ತು.

ನನ್ನ ಈ ಸ್ಥಿತಿಗೆ ನನ್ನ ಬಳಿ ಒಂದು ಹೆಸರು ಸಿದ್ಧವಿತ್ತು: ಸೋಮಾರಿತನ. ಅಪ್ಪ ಹಿಟ್ನಾಳ ಕ್ರಾಸಿನಲ್ಲಿ ಚಹಾದಂಗಡಿ ಇಟ್ಟವನು. ಬೆಳಿಗ್ಗೆ ಐದಕ್ಕೆ ಸ್ಟವ್ ಹಚ್ಚಿದರೆ ರಾತ್ರಿ ಒಂಬತ್ತಕ್ಕೆ ಆರಿಸುತ್ತಾನೆ. ಅವನ ಮಗಳಿಗೆ ಕೂತಲ್ಲಿ ಪದ ಬರೆದುಕೊಳ್ಳಲು ಆಗುವುದಿಲ್ಲ ಎಂದರೆ ಅದಕ್ಕೆ ಬೇರೆ ಯಾವ ಹೆಸರಿಡಬೇಕು? ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಬೈಗುಳದಿಂದ ಕೆಲಸ ಮುಂದೆ ಸಾಗಿದ್ದರೆ ನನ್ನ ಮಹಾಪ್ರಬಂಧ ಇಷ್ಟರಲ್ಲಿ ಎರಡು ಸಂಪುಟ ಆಗಬೇಕಿತ್ತು.

ಮೊಬೈಲಿಗೆ ಬೇರೆ ಹೆಸರುಗಳು ಗೊತ್ತಿದ್ದವು. "ನಿಮ್ಮಲ್ಲಿ ಈ ಐದು ಲಕ್ಷಣಗಳಿವೆಯೇ?" ಎಂದು ಶುರುವಾಗುವ ರೀಲ್ಸ್ ಒಂದರ ಹಿಂದೊಂದು ಬರುತ್ತಿದ್ದವು. ಐದೂ ನನ್ನಲ್ಲಿದ್ದವು. ಒಂದು ವಾರ ನನಗೆ ಎಡಿಎಚ್‌ಡಿ ಇದೆ ಅನಿಸಿತು, ಗಮನ ಒಂದೆಡೆ ನಿಲ್ಲದ ತೊಂದರೆ. ಇನ್ನೊಂದು ವಾರ ಬೈಪೋಲಾರ್. ಮತ್ತೊಂದು ವಾರ ಇದೆಲ್ಲ ಬರೀ ಥೈರಾಯ್ಡ್. ಹಾಸ್ಟೆಲಿನ ಗೆಳತಿಯರೂ "ನಂದು ಎಡಿಎಚ್‌ಡಿ ಕಣೇ" ಎಂದು ನಗುತ್ತಲೇ ಹೇಳಿಕೊಳ್ಳುತ್ತಿದ್ದರು. ಯಾರೂ ಪರೀಕ್ಷೆ ಮಾಡಿಸಿಕೊಂಡವರಲ್ಲ. ಹಾಗೆ ಹೇಳಿಕೊಳ್ಳುವುದರಲ್ಲಿ ಒಂದು ಸಮಾಧಾನವಿತ್ತು. ಸೋಮಾರಿ ಅನ್ನಿಸಿಕೊಳ್ಳುವುದಕ್ಕಿಂತ ಅದು ಮೇಲು.

ಆದರೆ ಜಾನಪದ ಓದಿದವಳಿಗೆ ಇದರಲ್ಲಿನ ದೋಷ ಕಾಣದೆ ಇರುವುದಿಲ್ಲ. ಒಬ್ಬನೇ ವಕ್ತೃ ಹಾಡಿದ್ದನ್ನು ಕೇಳಿ ಇದೇ ಮೂಲಪಾಠ ಎಂದು ತೀರ್ಮಾನಿಸಬಾರದು ಎಂದು ನಮಗೆ ಮೊದಲ ತರಗತಿಯಲ್ಲೇ ಕಲಿಸುತ್ತಾರೆ. ಇಲ್ಲಿ ಹಾಡುವವಳೂ ನಾನೇ, ಬರೆದುಕೊಳ್ಳುವವಳೂ ನಾನೇ, ತೀರ್ಪು ಕೊಡುವವಳೂ ನಾನೇ. ಬೇರೆ ಯಾರಾದರೂ ಕೂತು ಕೇಳಬೇಕು. ಇಷ್ಟು ಸರಳವಾದ ಮಾತಿಗೆ ಒಪ್ಪಲು ನನಗೆ ಏಳು ತಿಂಗಳು ಬೇಕಾಯಿತು.

ಯಾಕೆ ಬೇಕಾಯಿತು ಎಂದರೆ, ಬೇಡ ಅನ್ನುವುದಕ್ಕೂ ನನ್ನ ಬಳಿ ಒಳ್ಳೆಯ ವಾದಗಳಿದ್ದವು.

ಮೊದಲನೆಯದು ಓದಿದವರ ವಾದ. ಶಿಷ್ಯವೇತನ ಎಂಟು ತಿಂಗಳಿಂದ ಬಂದಿಲ್ಲ. ವಯಸ್ಸು ಇಪ್ಪತ್ತೆಂಟು, ಮನೆಗೆ ಗಂಡಿನ ಕಡೆಯವರು ಬಂದು ಹೋಗುತ್ತಾರೆ, "ಇನ್ನೂ ಓದಾಕತ್ತಾಳೇನು?" ಎಂದು ಕೇಳುತ್ತಾರೆ. ಪಿಎಚ್.ಡಿ. ಮುಗಿಸಿದವರು ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ಅರ್ಜಿ ಹಾಕುತ್ತಿದ್ದಾರೆ. ಇಷ್ಟೆಲ್ಲ ಇರುವಾಗ ನಿದ್ದೆ ಬಾರದಿರುವುದು ಕಾಯಿಲೆಯೇ? ನಿದ್ದೆ ಬಂದರೆ ಅಲ್ಲವೇ ಕಾಯಿಲೆ? ವ್ಯವಸ್ಥೆಯ ರೋಗಕ್ಕೆ ನಾನು ಯಾಕೆ ಗುಳಿಗೆ ನುಂಗಬೇಕು? ಈ ವಾದವನ್ನು ವಿಚಾರ ಸಂಕಿರಣದಲ್ಲಿ ಮಂಡಿಸಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇದು ಸುಳ್ಳೂ ಅಲ್ಲ.

ಎರಡನೆಯದು ಹೆಣ್ಣು ಹೆತ್ತವರ ವಾದ. ಒಮ್ಮೆ ಆ ಚೀಟಿ ಕೈಗೆ ಬಂದರೆ ಅದು ಎಲ್ಲೆಲ್ಲಿಗೆ ಹೋಗುತ್ತದೋ. ಕೊಪ್ಪಳದ ಆಸ್ಪತ್ರೆಯ ಸಾಲಿನಲ್ಲಿ ಊರಿನವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹೊಸಪೇಟೆಗೆ ಹೋದರೆ ಸೋದರತ್ತೆಯ ಮನೆ. ಬಳ್ಳಾರಿಗೆ ಹೋಗೋಣವೇ ಎಂದು ನಕ್ಷೆ ತೆಗೆದು ನೋಡಿದ್ದೇನೆ. ಕಾಯಿಲೆಯ ಲಕ್ಷಣಗಳಿಗಿಂತ ಹೆಚ್ಚು ಹೊತ್ತು ಯಾವ ಊರಿನಲ್ಲಿ ನನ್ನನ್ನು ಯಾರೂ ಗುರುತಿಸುವುದಿಲ್ಲ ಎಂದು ಯೋಚಿಸಿದ್ದೇನೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಹೆದರಿಕೆ ಹೊಸದಲ್ಲ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಯನ್ನು ಕಾಯಿಲೆ ಅಷ್ಟು ಕಾಡಲಿಲ್ಲ. ವಾಸಿಯಾಗಿ ಮನೆಗೆ ಬಂದ ಮೇಲೆ ಅವಳ ನಗು, ಸಿಟ್ಟು ಎಲ್ಲವನ್ನೂ ಅನುಮಾನದಿಂದ ನೋಡಿದ ಕಣ್ಣುಗಳು ಕಾಡಿದವು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು. ಕಲ್ಪನಾ ಅವರ ಅಭಿನಯವನ್ನು ಹೊಗಳದ ಕನ್ನಡಿಗರಿಲ್ಲ. ಹೊಗಳಿದ ನಾವೇ ಹೊರಗೆ ಬಂದು ಧಾರವಾಡದ ಬಸ್ಸಿನ ಮಾತು ಆಡುತ್ತೇವೆ.

ಮೂರನೆಯದು ವಾದವಲ್ಲ, ಕಾಕಾ.

1988ರಲ್ಲಿ ಕಾಕಾನಿಗೆ ಇಪ್ಪತ್ತೆರಡು ವರ್ಷ. ಕಾಲುವೆಯ ಕೆಲಸಕ್ಕೆ ದಿನಗೂಲಿಗೆ ಹೋಗುತ್ತಿದ್ದ. ನಿಧಾನಕ್ಕೆ ಮಾತು ಕಡಿಮೆ ಮಾಡಿದ. ಸ್ನಾನ ಬಿಟ್ಟ. ಒಬ್ಬನೇ ಮಾತಾಡತೊಡಗಿದ. ಯಾರೋ ತನ್ನ ಬಗ್ಗೆ ಆಡಿಕೊಳ್ಳುತ್ತಿದ್ದಾರೆ ಎಂದು ರಾತ್ರಿ ಎದ್ದು ಬಾಗಿಲು ತೆಗೆದು ನೋಡುತ್ತಿದ್ದ. ಅಜ್ಜಿ ಮೊದಲು ಹುಲಿಗಿಗೆ ಕರೆದುಕೊಂಡು ಹೋದಳು. ನಮ್ಮ ಭಾಗದಲ್ಲಿ ಏನೇ ಆದರೂ ಹುಲಿಗೆಮ್ಮನಿಗೆ ಹೇಳದೆ ಮುಂದಿನ ಹೆಜ್ಜೆ ಇಡುವುದಿಲ್ಲ. ಐದು ಹುಣ್ಣಿಮೆ ಹೋದರು. ಆಮೇಲೆ ಒಂದು ದರ್ಗಾದಲ್ಲಿ ತಾಯತ ಕಟ್ಟಿಸಿದರು. ಯಾರೋ ಬೇರೆ ಊರಿನವರನ್ನು ಕರೆಸಿ ನಿಂಬೆಹಣ್ಣು ಕೊಯ್ಯಿಸಿದರು. ಎರಡು ವರ್ಷ ಹೀಗೆ ಹೋಯಿತು. ಕೊನೆಗೆ ಅಪ್ಪ ಅವನನ್ನು ಧಾರವಾಡಕ್ಕೆ ಕರೆದೊಯ್ದ.

ಅಲ್ಲಿಂದ ಕಾಕಾ ಎರಡು ತಿಂಗಳಿಗೆ ಮರಳಿದಾಗ ನಿದ್ದೆ ಮಾಡುತ್ತಿದ್ದ, ಊಟ ಮಾಡುತ್ತಿದ್ದ, ಕರೆದರೆ ಓ ಅನ್ನುತ್ತಿದ್ದ. ತಿಂಗಳಿಗೊಮ್ಮೆ ಹೋಗಿ ಗುಳಿಗೆ ತರಬೇಕಿತ್ತು. ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಹೋಗಿ ಬರಲು ಇಬ್ಬರಿಗೆ ಒಂದು ಪೂರ್ತಿ ದಿನ, ಬಸ್ ಚಾರ್ಜು, ಮೇಲೆ ಇಬ್ಬರ ಕೂಲಿ ಖೋತಾ. ಆರನೇ ತಿಂಗಳಿಗೆ "ಈಗ ಆರಾಮ ಅದಾನಲ್ಲ" ಎಂದು ನಿಲ್ಲಿಸಿದರು. ಅಷ್ಟರಲ್ಲಿ ಊರಿನಲ್ಲಿ ಅವನಿಗೆ 'ಧಾರವಾಡದವ' ಎಂಬ ಹೆಸರು ಬಿದ್ದಿತ್ತು. ನಿಶ್ಚಯವಾಗುವಂತಿದ್ದ ಹೆಣ್ಣಿನ ಕಡೆಯವರು ಮುರಿದುಕೊಂಡರು. ಕಾಯಿಲೆ ತಿರುಗಿ ಬಂತು. ಮತ್ತೆ ಧಾರವಾಡಕ್ಕೆ ಹೋಗುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ಹನ್ನೆರಡು ವರ್ಷ ಆತ ಹಿಂದಿನ ಕೋಣೆಯಲ್ಲಿ ಕಳೆದ. ನನ್ನ ಬಾಲ್ಯದ ಕಾಕಾ ಎಂದರೆ ಆ ಕೋಣೆಯ ಮುಚ್ಚಿದ ಬಾಗಿಲು. ನಾನು ಶಾಲೆ ಸೇರಿದ ಮೇಲೆ, ಹೊಸದಾಗಿ ಬಂದ ಒಬ್ಬ ವೈದ್ಯರ ಒತ್ತಾಯಕ್ಕೆ ಮತ್ತೆ ಗುಳಿಗೆ ಶುರುವಾಯಿತು. ಈಗ ಅಪ್ಪನ ಅಂಗಡಿಯಲ್ಲಿ ಕೂರುತ್ತಾನೆ, ಲೆಕ್ಕ ಇಡುತ್ತಾನೆ, ಮಿರ್ಚಿ ಕರಿಯುತ್ತಾನೆ. ರಾತ್ರಿ ಒಂದು ಗುಳಿಗೆ ತಪ್ಪಿಸುವುದಿಲ್ಲ.

ನಮ್ಮ ಮನೆ ಇದರಿಂದ ಕಲಿತ ಪಾಠ: ಧಾರವಾಡಕ್ಕೆ ಹೋದದ್ದರಿಂದ ಕಾಕಾನ ಬಾಳು ಕೆಟ್ಟಿತು. ನಾನೂ ಇದನ್ನೇ ನಂಬಿ ಬೆಳೆದೆ.

ಆ ಪಾಠವನ್ನು ತಿದ್ದಿದ್ದು ಒಂದು ಆಕಸ್ಮಿಕ ಓದು. ಪ್ರಬಂಧ ಬರೆಯುವುದರಿಂದ ತಪ್ಪಿಸಿಕೊಳ್ಳಲು ಬೇರೆ ಏನನ್ನಾದರೂ ಓದುವುದು ನನ್ನ ರೂಢಿ. ಹಾಗೆ ಓದುವಾಗ 'ಬಳ್ಳಾರಿ ಮಾದರಿ' ಎಂಬ ಮಾತು ಎದುರಾಯಿತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ಅದನ್ನು ಹಳ್ಳಿಗೆ ಮುಟ್ಟಿಸುವುದು ಹೇಗೆ ಎಂದು ನೋಡಲು ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಕಾರ್ಯಕರ್ತರು ಇಂಥವರನ್ನು ಗುರುತಿಸಬೇಕು, ಸಾಮಾನ್ಯ ವೈದ್ಯರೇ ಕೆಲವು ಮುಖ್ಯ ಗುಳಿಗೆಗಳನ್ನು ಹತ್ತಿರದಲ್ಲೇ ಕೊಡಬೇಕು, ಕಷ್ಟದ್ದಿದ್ದರೆ ಮಾತ್ರ ಜಿಲ್ಲೆಯ ತಜ್ಞರಿಗೆ ಕಳಿಸಬೇಕು. ರೋಗಿ ದೂರದ ಆಸ್ಪತ್ರೆಗೆ ಅಲೆಯುವುದು ತಪ್ಪಬೇಕು ಎಂಬುದೇ ಅದರ ತಿರುಳು. 1990ರವರೆಗೆ ನಡೆದ ಆ ಪ್ರಯೋಗವನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ಓದುತ್ತ ಓದುತ್ತ ನಾನು ಎದ್ದು ಕೂತೆ. ಹೊಸಪೇಟೆ ಆಗ ಬಳ್ಳಾರಿ ಜಿಲ್ಲೆಯ ತಾಲೂಕು. ಹಿಟ್ನಾಳ ಆಗ ರಾಯಚೂರು ಜಿಲ್ಲೆ; ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಮಧ್ಯೆ ಇರುವುದು ತುಂಗಭದ್ರೆ. ಅಜ್ಜಿ ಕಾಕಾನನ್ನು ಕರೆದುಕೊಂಡು ಹುಣ್ಣಿಮೆಗಳನ್ನು ಎಣಿಸುತ್ತಿದ್ದಾಗ, ಹೊಳೆಯ ಆಚೆ ದಡದ ಜಿಲ್ಲೆಯಲ್ಲಿ ದೇಶಕ್ಕೇ ಮಾದರಿಯಾದ ಕೆಲಸವೊಂದು ನಡೆದಿತ್ತು. ಅಪ್ಪ ಅದೇ ಹೊಳೆ ದಾಟಿ ಸಂತೆಗೆ, ಸಿನಿಮಾಕ್ಕೆ ಹೋಗುತ್ತಿದ್ದ. ಅಲ್ಲಿ ಇಂಥದೊಂದು ಇದೆ ಎಂದು ಅವನಿಗೆ ಹೇಳಿದವರಿಲ್ಲ.

ಅಂದು ರಾತ್ರಿ ಕಾಕಾನ ಕತೆಯನ್ನು ಮನಸ್ಸಿನಲ್ಲೇ ಮತ್ತೆ ಮೊದಲಿಂದ ಹೇಳಿಕೊಂಡೆ, ಈ ಸಲ ವರ್ಷಗಳನ್ನು ಎಣಿಸುತ್ತ. ತೋರಿಸಿಕೊಳ್ಳದೆ ಕಳೆದದ್ದು ಎರಡು ವರ್ಷ. ಗುಳಿಗೆ ಬಿಟ್ಟು ಕಳೆದದ್ದು ಹನ್ನೆರಡು ವರ್ಷ. ಧಾರವಾಡದಲ್ಲಿ ಕಳೆದದ್ದು ಎರಡು ತಿಂಗಳು. ನಾವು ಶಾಪ ಹಾಕುತ್ತ ಬಂದದ್ದು ಆ ಎರಡು ತಿಂಗಳಿಗೆ.

ಆದರೂ ಮರುದಿನವೇ ಎದ್ದು ಆಸ್ಪತ್ರೆಗೆ ಹೋದೆ ಎಂದುಕೊಳ್ಳಬೇಡಿ. ಅರ್ಥವಾಗುವುದು ಬೇರೆ, ಬಸ್ಸು ಹತ್ತುವುದು ಬೇರೆ. ಮೂರು ವಾರದ ಬಳಿಕ ಒಂದು ರಾತ್ರಿ ಮಾಳಿಗೆಯ ಮೇಲೆ ಹೋಗಿ 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳ ಮುಂದೆ ನಾನು ಮೊದಲು ಹೇಳಿದ್ದು, "ನನಗೇನೂ ಆಗಿಲ್ರಿ, ಸುಮ್ನ ಕೇಳೋಣ ಅಂತ ಮಾಡಿದೆ." ಆಕೆ ನಗಲಿಲ್ಲ. "ಹೇಳಿ" ಅಂದರು. ಇಪ್ಪತ್ತು ನಿಮಿಷದ ಕೊನೆಗೆ, "ಇದು ಇಂಥದೇ ಎಂದು ಫೋನಿನಲ್ಲಿ ಹೇಳೋಕೆ ಆಗಲ್ಲ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರ್ತಾರೆ, ಒಮ್ಮೆ ತೋರಿಸಿ" ಅಂದರು. ಮೊಬೈಲಿನ ಯಾವ ರೀಲ್ಸೂ ನನಗೆ 'ಹೇಳೋಕೆ ಆಗಲ್ಲ' ಅಂದಿರಲಿಲ್ಲ. ಆ ಮಾತಿನ ಮೇಲೆ ನನಗೆ ನಂಬಿಕೆ ಬಂತು.

ಮರುದಿನ ಅಂಗಡಿಗೆ ಹೋದೆ. ಮಧ್ಯಾಹ್ನ, ಗಿರಾಕಿ ಇರಲಿಲ್ಲ. ಕಾಕಾ ಮೆಣಸಿನಕಾಯಿ ಸೀಳುತ್ತ ಕೂತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಅವನ ಕಾಯಿಲೆಯ ಬಗ್ಗೆ ನಾನು ಅವನೊಡನೆ ಒಂದು ಮಾತೂ ಆಡಿರಲಿಲ್ಲ.

"ಕಾಕಾ, ನಾ ಕೊಪ್ಪಳ ದವಾಖಾನಿಗೆ ಹೋಗಿ ತೋರಿಸ್ಬೇಕಂತ ಮಾಡೀನಿ. ಮನಸಿನ ಡಾಕ್ಟರಿಗೆ."

ಅವನು ತಲೆ ಎತ್ತಲಿಲ್ಲ. ಇನ್ನೊಂದು ಮೆಣಸಿನಕಾಯಿ ಸೀಳಿದ.

"ನಿದ್ದಿ ಬರವಲ್ದೇನು?"

"ಹೂಂ."

"ಒಂದು ಹಾಳ್ಯಾಗ ಬರ್ಕೊಂಡು ಹೋಗು. ಒಳಗ ಹೋದ ಮ್ಯಾಲೆ ಎಲ್ಲಾ ಮರ್ತು ಹೋಗತೈತಿ. ಯಾವಾಗಿಂದ ಹಿಂಗಾತು, ನಿದ್ದಿ ಎಷ್ಟೊತ್ತಿಗೆ, ಊಟ ಹೆಂಗ, ಅಷ್ಟು ಬರಿ. ಮತ್ತ ಚೀಟಿ ಕಳೀಬ್ಯಾಡ. ಚೀಟಿ ಹೋತಂದ್ರ ಮುಂದಿನ ಸಲ ಮತ್ತ ಮೊದಲಿಂದ ಹೇಳಬೇಕಾಗತೈತಿ."

ಅಷ್ಟೇ. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಹೆದರಬೇಡ ಎಂದೂ ಅನ್ನಲಿಲ್ಲ. ಹೊಸ ಊರಿಗೆ ಹೊರಟವರಿಗೆ ಹಾದಿ ಗೊತ್ತಿದ್ದವರು ಹೇಳುವ ಹಾಗೆ ಹೇಳಿದ. ಅವನ ಗುಳಿಗೆಯ ಡಬ್ಬಿಯಲ್ಲಿ ಮಡಚಿ ಮಡಚಿ ಹರಿದು ಹೋದ ಚೀಟಿಗಳ ಕಟ್ಟು ಇರುವುದನ್ನು ನಾನು ನೋಡಿದ್ದೆ. ಅದರ ಅರ್ಥ ಅಂದು ತಿಳಿಯಿತು.

ಬಳ್ಳಾರಿಯ ನಕ್ಷೆಯನ್ನು ಮುಚ್ಚಿಟ್ಟೆ. ಕೊಪ್ಪಳವನ್ನೇ ಆರಿಸಿಕೊಂಡೆ. ಧೈರ್ಯ ಬಂದು ಅಲ್ಲ, ಕಾಕಾನ ಲೆಕ್ಕ ಗೊತ್ತಿದ್ದರಿಂದ. ಇಂಥ ಕಡೆ ಒಮ್ಮೆ ಹೋದರೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಹೋಗಬೇಕು. ಯಾರೂ ಗುರುತಿಸದ ದೂರದ ಊರಿಗಿಂತ, ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಹತ್ತಿರದ ಊರು ಮೇಲು.

ಹೊರಡುವ ಮುಂಚೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನೂ ಓದಿಕೊಂಡೆ. ಸಂಶೋಧಕರ ಚಾಳಿ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎಂಬುದು ರೋಗಿಯ ಹಕ್ಕು ಎಂದು ಅದು ಹೇಳುತ್ತದೆ. ಹಿಂದೊಮ್ಮೆ ಚಿಕಿತ್ಸೆ ಪಡೆದದ್ದೊಂದನ್ನೇ ಹಿಡಿದುಕೊಂಡು ಇವರಿಗೆ ಈಗಲೂ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ ಎನ್ನುತ್ತದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಅರ್ಥವಲ್ಲ, ಅದನ್ನು ಹೇಳಬೇಕಾದದ್ದು ನ್ಯಾಯಾಲಯ ಎನ್ನುತ್ತದೆ. ಕಾನೂನು ಊರಿನ ಬಾಯಿ ಮುಚ್ಚಿಸುವುದಿಲ್ಲ, ನಿಜ. ಆದರೂ 'ಧಾರವಾಡದವ' ಎಂಬ ಹೆಸರಿಗೆ ಎದುರಾಗಿ ಇಷ್ಟು ಸ್ಪಷ್ಟವಾಗಿ ಯಾರೋ ಬರೆದಿಟ್ಟಿದ್ದಾರೆ ಎಂಬುದು ನನಗೆ ಒಂದು ಆಸರೆ ಅನಿಸಿತು.

ಮಾನಸಿಕ ಪರೀಕ್ಷೆ ಎಂದರೆ ಏನೋ ಯಂತ್ರ, ಏನೋ ಚಿತ್ರ ತೋರಿಸುವುದು ಎಂದುಕೊಂಡಿದ್ದೆ. ಮೊದಲ ದಿನ ನಡೆದದ್ದು ಮಾತು. ವೈದ್ಯರು ನನ್ನ ಹಾಳೆಯನ್ನು ಇಸಿದುಕೊಂಡು ಓದಿದರು, ಆಮೇಲೆ ಕೇಳಿದರು. ನಿದ್ದೆ, ಹಸಿವು, ಮುಟ್ಟು, ಮನೆಯಲ್ಲಿ ಯಾರಿಗಾದರೂ ಇತ್ತೇ, ಯಾವಾಗಲಾದರೂ ಅತಿಯಾದ ಉಲ್ಲಾಸದಲ್ಲಿ ನಿದ್ದೆಯೇ ಬೇಡ ಅನಿಸಿದ್ದಿದೆಯೇ, ಕಿವಿಯಲ್ಲಿ ಧ್ವನಿ ಕೇಳಿದ್ದಿದೆಯೇ. ಶಿಷ್ಯವೇತನದ ಬಗ್ಗೆಯೂ ಕೇಳಿದರು, ಅದನ್ನೂ ಬರೆದುಕೊಂಡರು. ರಕ್ತ ಪರೀಕ್ಷೆಗೆ ಚೀಟಿ ಕೊಟ್ಟರು: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ದೇಹದ ಕಾರಣ ಏನಾದರೂ ಇದೆಯೇ ಎಂದು ಮೊದಲು ನೋಡಬೇಕಂತೆ.

ಆಮೇಲೆ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ. ಕಳೆದ ಎರಡು ವಾರದಲ್ಲಿ ಹೀಗೆಲ್ಲ ಎಷ್ಟು ದಿನ ಅನಿಸಿತು ಎಂದು. ಎಂಟರವರೆಗೆ ಸಲೀಸಾಗಿ ಹೇಳಿದೆ. ಒಂಬತ್ತನೆಯದು ಸಾವಿನ ಕುರಿತಾದದ್ದು. ಅಲ್ಲಿ ನಿಂತೆ. "ಸಾಯಬೇಕು ಅನಿಸಿಲ್ಲ. ಆದರೆ ಬೆಳಿಗ್ಗೆ ಎಚ್ಚರ ಆಗದೇ ಇದ್ರ ಚಲೋ ಇತ್ತು ಅನಿಸೇತಿ" ಅಂದೆ. ಈ ಮಾತನ್ನು ನಾನು ಯಾರ ಮುಂದೂ ಹೇಳಿರಲಿಲ್ಲ, ನನ್ನ ಮುಂದೆಯೂ. ವೈದ್ಯರು ಗಾಬರಿಯಾಗಲಿಲ್ಲ, ಹಗುರವಾಗಿಯೂ ತೆಗೆದುಕೊಳ್ಳಲಿಲ್ಲ. ಎಷ್ಟು ದಿನದಿಂದ, ದಿನಾ ಅನಿಸುತ್ತದೆಯೇ, ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಒಂದೊಂದಾಗಿ ಕೇಳಿದರು. ಹಾಗೆ ಅನಿಸಿದಾಗ ಯಾರಿಗೆ ಹೇಳುತ್ತೀರಿ ಎಂದು ಕೇಳಿದರು. ಉತ್ತರ ಇರಲಿಲ್ಲ. ಒಂದು ಹೆಸರು ಹೇಳುವವರೆಗೆ ಬಿಡಲಿಲ್ಲ. ಕಾಕಾ ಅಂದೆ.

ಎಡಿಎಚ್‌ಡಿ ಬಗ್ಗೆ ನಾನೇ ಕೇಳಿದೆ. ಅದು ಇದ್ದಕ್ಕಿದ್ದಂತೆ ಇಪ್ಪತ್ತೇಳರಲ್ಲಿ ಶುರುವಾಗುವುದಲ್ಲ, ಹನ್ನೆರಡು ವರ್ಷದೊಳಗೇ ಅದರ ಲಕ್ಷಣ ಕಂಡಿರಬೇಕು, ಮನೆಯಲ್ಲೂ ಶಾಲೆಯಲ್ಲೂ ಕಂಡಿರಬೇಕು ಎಂದು ವಿವರಿಸಿದರು. "ಚಿಕ್ಕವರಿದ್ದಾಗ ಹೇಗಿದ್ರಿ ಅಂತ ನೀವು ಹೇಳೋದಕ್ಕಿಂತ ನೋಡಿದವರು ಹೇಳಬೇಕು. ಮುಂದಿನ ಸಲ ನಿಮ್ಮ ತಾಯಿಯನ್ನ ಕರ್ಕೊಂಡು ಬನ್ನಿ."

ಆಸ್ಪತ್ರೆಗೆ ಬರುವುದಕ್ಕಿಂತ ಕಷ್ಟದ ಕೆಲಸ ಅದು. ಒಂದು ವಾರ ಮುಂದೂಡಿದೆ. ಕೊನೆಗೊಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕದಲ್ಲಿ ಕೂತು ಹೇಳಿದೆ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು.

"ನಿಮ್ಮ ಕಾಕಾನ ಕತಿ ಗೊತ್ತೈತಲ್ಲ?"

"ಗೊತ್ತೈತಿ ಅಂತನ ಹೋಗಾಕತ್ತೀನವ್ವಾ."

ಅವಳು ಬಹಳ ಹೊತ್ತು ಮಾತಾಡಲಿಲ್ಲ. "ನಿಮ್ಮತ್ತಿಗೆ ಹೇಳಬ್ಯಾಡ" ಅಂದಳು. ಆಮೇಲೆ, "ಎಷ್ಟೊತ್ತಿನ ಬಸ್ಸಿಗೆ?" ಅಂದಳು.

ವೈದ್ಯರ ಮುಂದೆ ಅವ್ವ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತಳು. ಚಿಕ್ಕಂದಿನಲ್ಲಿ ಹೇಗಿದ್ದಳು ಎಂದು ಕೇಳಿದರೆ, "ಕುಂತಳಂದ್ರ ಎಬ್ಬಿಸಿದ್ರೂ ಏಳ್ತಿರ್ಲಿಲ್ರಿ, ಪುಸ್ತಕ ಮುಗೀಬೇಕಿತ್ತು" ಅಂದಳು. ನನ್ನ ಎಡಿಎಚ್‌ಡಿ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಈಗ ಏನು ಬದಲಾವಣೆ ಕಂಡಿರಿ ಎಂದು ಕೇಳಿದರು. ಅವ್ವ ನನ್ನ ಕಡೆ ನೋಡಲಿಲ್ಲ.

"ರಾತ್ರಿ ದೀಪ ಉರೀತಿತ್ರಿ. ಓದಾಕತ್ತಾಳ ಅಂತ ಮಂದಿಗೆ ಹೇಳ್ತಿದ್ದೆ. ಓದಾಕತ್ತಿಲ್ಲ ಅಂತ ನನಗ ಗೊತ್ತಿತ್ರಿ. ಹಾಳಿ ತಿರುವೋ ಸಪ್ಪಳ ಬರ್ತಿರ್ಲಿಲ್ಲ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ತಿಂಗಳುಗಟ್ಟಲೆ ನಾನು ಅವಳಿಂದ ಮುಚ್ಚಿಟ್ಟೆ ಎಂದುಕೊಂಡದ್ದನ್ನು ಅವಳು ನನ್ನಿಂದ ಮುಚ್ಚಿಟ್ಟು ಕಾಯ್ದಿದ್ದಳು. ಗೋಡೆಯ ಆಚೆ ಅವಳೂ ಎಚ್ಚರವಿದ್ದಳು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು, ಥೈರಾಯ್ಡ್ ಸರಿಯಿತ್ತು. ವೈದ್ಯರು ಹೇಳಿದ್ದು ಖಿನ್ನತೆ, ಮಧ್ಯಮ ಮಟ್ಟದ್ದು. ದಿನಕ್ಕೊಂದು ಗುಳಿಗೆ, ಹದಿನೈದು ದಿನಕ್ಕೊಮ್ಮೆ ಆಪ್ತಸಮಾಲೋಚನೆ. ಗುಣ ಕಾಣಲು ಕೆಲವು ವಾರ ಬೇಕು, ಸುಧಾರಿಸಿತು ಎಂದು ನೀವಾಗಿಯೇ ಬಿಡಬೇಡಿ ಅಂದರು. ಆ ಕೊನೆಯ ಮಾತು ನಮ್ಮ ಮನೆಯಲ್ಲಿ ಯಾರಿಗೂ ಎರಡನೇ ಸಲ ಹೇಳಬೇಕಿರಲಿಲ್ಲ.

ನನ್ನ ಮೊದಲ ವಾದ, ವ್ಯವಸ್ಥೆಯ ರೋಗದ ವಾದ, ಈಗಲೂ ಸುಳ್ಳಾಗಿಲ್ಲ. ಬಾರದ ಶಿಷ್ಯವೇತನಕ್ಕೆ ಗುಳಿಗೆ ಇಲ್ಲ. ಆದರೆ ಹಗಲು ಹನ್ನೊಂದರವರೆಗೆ ಏಳಲಾರದವಳು ಶಿಷ್ಯವೇತನ ಕೇಳಲು ಕಚೇರಿಗೂ ಹೋಗಲಾರಳು. ಕಳೆದ ತಿಂಗಳು ನಾವು ಆರು ಜನ ಹೋಗಿ ಅರ್ಜಿ ಕೊಟ್ಟು ಬಂದೆವು. ದುಡ್ಡು ಇನ್ನೂ ಬಂದಿಲ್ಲ.

ಮಾರ್ಗದರ್ಶಕರ ಹದಿಮೂರು ಸಂದೇಶಗಳನ್ನು ಒಟ್ಟಿಗೆ ತೆರೆದೆ. ಹನ್ನೊಂದನೆಯದು ಪ್ರಬಂಧದ ಬಗ್ಗೆ ಇರಲೇ ಇಲ್ಲ. "ಹುಷಾರಾಗಿದ್ದೀಯಾ?" ಎಂದಷ್ಟೇ ಇತ್ತು. ಮೂರು ತಿಂಗಳ ಹಿಂದಿನದು.

ಈಗ ದಿನಕ್ಕೆ ಒಂದು ಪದ ಬರೆದಿಳಿಸುತ್ತೇನೆ, ಕೆಲವು ದಿನ ಅದೂ ಇಲ್ಲ. ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಾಕಾನ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೇನೆ. ರಾತ್ರಿ ಊಟವಾದ ಮೇಲೆ ಅವನು ತನ್ನ ಗುಳಿಗೆ ತೆಗೆದುಕೊಂಡು, ನೀರಿನ ಚಂಬನ್ನು ನನ್ನ ಕಡೆ ಸರಿಸುತ್ತಾನೆ.